ಸ್ಪೀಕರ್ ದನಿ ಕೆಟ್ಟಿದ್ದು ಧೂಳಿನಿಂದಲೇನಾ? ಮೊದಲು ಪತ್ತೆ ಮಾಡಿ, ಆಮೇಲೆ ಬ್ರಶ್ ಹಿಡಿಯಿರಿ

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಬೇಸಿಗೆ ಬಂತು ಅಂದರೆ ಮನೆಯ ಯಾವ ಸಾಮಾನೂ ಧೂಳಿನಿಂದ ತಪ್ಪಿಸಿಕೊಳ್ಳುವುದಿಲ್ಲ. ನವಲಗುಂದ, ಅಣ್ಣಿಗೇರಿ, ಗದಗಿನ ಕಡೆ ಎರೆ ಹೊಲದ ಕಪ್ಪು ಧೂಳು. ಧಾರವಾಡ ದಾಟಿ ಪಶ್ಚಿಮಕ್ಕೆ ಹೋದರೆ ಕೆಂಪು ಧೂಳು. ಹಾವೇರಿ ಕಡೆ ಮೆಣಸಿನಕಾಯಿ, ಗೋವಿನಜೋಳದ ಧೂಳು. ಸ್ಪೀಕರಿನ ಮುಂದಿನ ಜಾಲರಿ ತೆಗೆದು ನೋಡಿದಾಗ ಕೋನಿನ (ಅದಿರಿ ದನಿ ಹೊರಡಿಸುವ ಬಟ್ಟಲಿನಂಥ ಭಾಗ) ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು ಕೂತಿರುತ್ತದೆ. "ಇದಕ್ಕ ನೋಡ್ರಿ ದನಿ ಹಿಂಗ ಆಗಿದ್ದು" ಅಂತ ಅಲ್ಲೇ ತೀರ್ಮಾನ ಮಾಡಿ, ಒದ್ದೆ ಬಟ್ಟೆ ತಂದು ಒರೆಸಲು ಕೂತುಬಿಡುತ್ತಾರೆ.

ದಯವಿಟ್ಟು ಅಲ್ಲಿ ಒಂದು ನಿಮಿಷ ನಿಲ್ಲಿ. ರಿಪೇರಿಗೆ ಬಂದ ಸ್ಪೀಕರ್‌ಗಳನ್ನು ಬಿಚ್ಚಿ ನೋಡಿ ನನಗೆ ಖಾತ್ರಿಯಾದ ಮಾತು ಇದು: ಕೋನಿನ ಮೇಲೆ ಕೂತ ಧೂಳಿನಿಂದ ಕೆಟ್ಟವಕ್ಕಿಂತ, ಆ ಧೂಳು ತೆಗೆಯಲು ಹೋಗಿ ಕೆಟ್ಟವು ಜಾಸ್ತಿ. ಒಳಗೆ ಒತ್ತಿಹೋದ ಟ್ವೀಟರ್ (ಕೀರಲು ದನಿಯ ಚಿಕ್ಕ ಸ್ಪೀಕರ್), ನೀರು ಕುಡಿದು ಉಬ್ಬಿದ ಕಾಗದದ ಕೋನ್, ಸ್ಕ್ರೂ ಡ್ರೈವರ್ ಜಾರಿ ತೂತಾದ ವೂಫರ್ (ತಗ್ಗಿನ ದನಿಯ ದೊಡ್ಡ ಸ್ಪೀಕರ್). ಇವೆಲ್ಲ ಒಳ್ಳೆ ಮನಸ್ಸಿನಿಂದ ಸ್ವಚ್ಛ ಮಾಡಲು ಹೋದವರ ಕೈಯಲ್ಲೇ ಆಗುವಂಥವು. ಹಾಗಾಗಿ ಈ ಬರಹದ ಅರ್ಧ ಭಾಗ ದೋಷ ಎಲ್ಲಿದೆ ಅಂತ ಹುಡುಕುವುದಕ್ಕೆ. ಉಳಿದದ್ದು ಧೂಳನ್ನು ಹಗುರವಾಗಿ ತೆಗೆಯುವುದಕ್ಕೆ.

ಧೂಳು ಎಲ್ಲಿ ಕೂತರೆ ತೊಂದರೆ

ಸ್ಪೀಕರ್ ಒಳಗೆ ಅಲುಗಾಡುವ ಭಾಗ ಕಡಿಮೆ. ಹಿಂದೆ ಒಂದು ದಪ್ಪ ಆಯಸ್ಕಾಂತ. ಅದರ ನಡುವೆ ಬಳೆಯಾಕಾರದ ಒಂದು ಸಣ್ಣ ಸಂದು. ಇದಕ್ಕೆ ರಿಪೇರಿಯವರು ಗ್ಯಾಪ್ ಅನ್ನುತ್ತಾರೆ. ಆ ಗ್ಯಾಪಿನಲ್ಲಿ ತಾಮ್ರದ ತಂತಿ ಸುತ್ತಿದ ವಾಯ್ಸ್ ಕಾಯಿಲ್ ತೂಗಾಡುತ್ತಿರುತ್ತದೆ. ಕಾಯಿಲ್ ಕೋನಿಗೆ ಅಂಟಿರುತ್ತದೆ. ಕೋನಿನ ಹೊರ ಅಂಚಿಗೆ ಫೋಮ್, ರಬ್ಬರ್ ಅಥವಾ ಬಟ್ಟೆಯ ಸುತ್ತು. ಹಿಂದುಗಡೆ ಸುಕ್ಕುಸುಕ್ಕಾದ ಬಟ್ಟೆಯ ತಟ್ಟೆಯೊಂದು ಕಾಯಿಲನ್ನು ನಟ್ಟನಡುವೆ ಹಿಡಿದಿಡುತ್ತದೆ. ಇದರ ಹೆಸರು ಸ್ಪೈಡರ್. ಕೋನಿನ ನಡುವೆ ಕಾಣುವ ಗುಮ್ಮಟದಂಥ ಮುಚ್ಚಳವೇ ಡಸ್ಟ್ ಕ್ಯಾಪ್. ಧೂಳು ಗ್ಯಾಪಿಗೆ ಇಳಿಯಬಾರದು ಅಂತಲೇ ಅದನ್ನು ಅಲ್ಲಿ ಕೂರಿಸಿರುತ್ತಾರೆ.

ಕಾಯಿಲಿಗೂ ಆಯಸ್ಕಾಂತದ ಕಬ್ಬಿಣಕ್ಕೂ ನಡುವೆ ಇರುವ ಜಾಗ ಒಂದು ಮಿಲಿಮೀಟರಿಗಿಂತ ಕಡಿಮೆ. ಅಲ್ಲಿಗೆ ಒಂದೇ ಒಂದು ಗಡಸು ಕಣ ಹೋದರೂ ಕಾಯಿಲ್ ಉಜ್ಜಲು ಶುರುವಾಗುತ್ತದೆ. ಆದರೆ ಕೋನಿನ ಮುಂಭಾಗದಲ್ಲಿ ತೆಳ್ಳಗೆ ಕೂತ ಧೂಳಿಗೆ ತೂಕವೇ ಇರುವುದಿಲ್ಲ. 6 ಇಂಚು, 8 ಇಂಚಿನ ವೂಫರಿಗೆ ಅದು ಲೆಕ್ಕಕ್ಕೇ ಇಲ್ಲ. ಕಣ್ಣಿಗೆ ಕಾಣುವ ಧೂಳು ಸಾಮಾನ್ಯವಾಗಿ ನಿರಪರಾಧಿ. ಕಾಣದ ಜಾಗದ ಧೂಳಿನದೇ ಕೆಲಸ: ಗ್ಯಾಪು, ವಾಲ್ಯೂಮ್ ತಿರುಗಣಿಯ ಒಳಭಾಗ, ತಂತಿ ಸೇರುವ ಟರ್ಮಿನಲ್, ಹೆಪ್ಪುಗಟ್ಟಿದ ಜಾಲರಿ ಬಟ್ಟೆ.

ಮೊದಲ ಪರೀಕ್ಷೆ: ಎಡ ಬಲ ಅದಲು ಬದಲು

ಒಂದು ಕಡೆಯ ದನಿ ಮಾತ್ರ ಕೆಟ್ಟಿದ್ದರೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಆಂಪ್ಲಿಫೈಯರ್ ಆಫ್ ಮಾಡಿ, ಪ್ಲಗ್ ತೆಗೆಯಿರಿ. ಸ್ಪೀಕರ್ ಹಿಂದಿನ ತಂತಿಗಳ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಆಮೇಲೆ ಎಡಗಡೆಯ ಸ್ಪೀಕರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಜೋಡಿಸಿ. ಆಂಪ್ಲಿಫೈಯರ್ ಚಾಲೂ ಇರುವಾಗ ಈ ಕೆಲಸ ಮಾಡಬೇಡಿ. ಎರಡು ತಂತಿ ಒಂದಕ್ಕೊಂದು ತಾಗಿದರೆ ಸ್ಪೀಕರ್ ಉಳಿದು ಆಂಪ್ಲಿಫೈಯರ್ ಹೋಗುತ್ತದೆ.

ಈಗ ಅದೇ ಹಾಡು ಹಾಕಿ. ಕೆಟ್ಟ ದನಿ ಸ್ಪೀಕರಿನ ಜೊತೆಗೇ ಇನ್ನೊಂದು ಕಡೆಗೆ ಹೋಯಿತೇ? ಹಾಗಿದ್ದರೆ ದೋಷ ಸ್ಪೀಕರಿನಲ್ಲಿದೆ. ಸ್ಪೀಕರ್ ಬದಲಾದರೂ ಅದೇ ಕಡೆಯಲ್ಲೇ ಉಳಿಯಿತೇ? ಹಾಗಿದ್ದರೆ ಸ್ಪೀಕರನ್ನು ಮುಟ್ಟಲೇಬೇಡಿ. ದೋಷ ಆಂಪ್ಲಿಫೈಯರ್, ತಂತಿ ಅಥವಾ ಹಾಡು ಬರುವ ಮೂಲದಲ್ಲಿದೆ. ಎಷ್ಟೋ ಜನ ಇಷ್ಟು ಮಾಡದೆ ಸುಮ್ನೆ ಸ್ಪೀಕರ್ ಬಿಚ್ಚಿ ಕೂತಿರುತ್ತಾರೆ.

ಎರಡೂ ಕಡೆ ಒಟ್ಟಿಗೆ ಕೆಟ್ಟಿದ್ದರೆ ಸ್ಪೀಕರ್ ಮೇಲೆ ಅನುಮಾನ ಇನ್ನೂ ಕಡಿಮೆ. ಎರಡು ಸ್ಪೀಕರ್ ಒಂದೇ ದಿನ ಒಂದೇ ರೀತಿ ಕೆಡುವುದು ಅಪರೂಪ, ಅಲ್ವಾ? ಬೇರೆ ಮೊಬೈಲ್, ಬೇರೆ ಕೇಬಲ್ ಹಾಕಿ ನೋಡಿ.

ವಾಲ್ಯೂಮ್ ತಿರುಗಿಸುವಾಗ ಮಾತ್ರ ಚರಚರ ಅಂದರೆ ಅದು ತಿರುಗಣಿಯ ಒಳಗಿನ ಧೂಳು. ಪ್ಲಗ್ ತೆಗೆದು, ತಿರುಗಣಿಯನ್ನು ಈ ತುದಿಯಿಂದ ಆ ತುದಿಗೆ ಹತ್ತಾರು ಸಲ ತಿರುಗಿಸಿ. ಎಷ್ಟೋ ಸಲ ಇಷ್ಟಕ್ಕೇ ಸರಿಯಾಗುತ್ತದೆ. ಆಗದಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರನ್ನು ಅದರೊಳಗೆ ಸ್ವಲ್ಪ ಹೊಡೆಸಬೇಕು. ಆಂಪ್ಲಿಫೈಯರ್ ಬಿಚ್ಚಿ ಅಭ್ಯಾಸ ಇಲ್ಲದವರು ಇದನ್ನು ಮೆಕ್ಯಾನಿಕ್ ಕೈಲಿ ಮಾಡಿಸಿ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ.

ತಂಬೂರಿ ಮತ್ತು ಡಗ್ಗಾ ಹಾಕಿ ಕೇಳಿ

ದೋಷ ಸ್ಪೀಕರಿನದೇ ಅಂತ ಖಾತ್ರಿಯಾದ ಮೇಲೆ ಯಾವ ಭಾಗದ್ದು ಅಂತ ನೋಡಬೇಕು. ಇದಕ್ಕೆ ಗದ್ದಲದ ಹಾಡು ಬೇಡ. ನಮ್ಮ ಕಡೆಯವರಿಗೆ ಮನೆಯಲ್ಲೇ ಒಳ್ಳೆ ಸಾಧನ ಇದೆ. ಬರೀ ತಂಬೂರಿ ನುಡಿಯುವ ಒಂದು ರೆಕಾರ್ಡಿಂಗ್ ಹಾಕಿ. ಮೊಬೈಲಿನ ತಂಬೂರಿ ಆ್ಯಪ್ ಆದರೂ ನಡೆಯುತ್ತದೆ. ತಂಬೂರಿಯ ತಂತಿ ಒಂದೇ ಸಮ ನುಡಿಯುತ್ತದೆ. ತಳದ ಷಡ್ಜ ವೂಫರಿನಿಂದ ಬರುತ್ತದೆ. ಅದರ ಮೇಲೆ ಹರಡುವ ಜವಾರಿಯ, ಅಂದರೆ ತಂಬೂರಿಯ ಕುದುರೆಗೆ ತಂತಿ ತಾಗಿ ಹುಟ್ಟುವ, ಝೇಂಕಾರದ ಮೇಲಿನ ಭಾಗ ಟ್ವೀಟರಿನಿಂದ ಬರುತ್ತದೆ. ಎರಡು ಸ್ಪೀಕರ್ ಇರುವ ಸಾಮಾನ್ಯ ಡಬ್ಬಿಯಲ್ಲಿ 2,000ದಿಂದ 3,000 ಹರ್ಟ್ಸ್ ಆಸುಪಾಸಿನಿಂದ ಮೇಲಿನ ಕೆಲಸವೆಲ್ಲ ಟ್ವೀಟರಿನದು.

ಕಿವಿಯನ್ನು ಒಂದು ಸ್ಪೀಕರಿನ ಹತ್ತಿರ ಇಡಿ, ಆಮೇಲೆ ಇನ್ನೊಂದರ ಹತ್ತಿರ. ಒಂದರಲ್ಲಿ ಜವಾರಿ ಬಿಚ್ಚಿಕೊಂಡಿದ್ದು ಇನ್ನೊಂದರಲ್ಲಿ ಬರೀ ಗುಂಯ್ ಅಂತಿದ್ದರೆ, ಆ ಕಡೆಯ ಟ್ವೀಟರ್ ಕೆಲಸ ಮಾಡುತ್ತಿಲ್ಲ, ಇಲ್ಲವೇ ಅದರ ಮುಂದೆ ಏನೋ ಅಡ್ಡ ಕೂತಿದೆ. ಇಲ್ಲಿ ಒಂದು ಎಚ್ಚರ. ಜವಾರಿಯ ಸ್ವಭಾವವೇ ಸ್ವಲ್ಪ ಝುಂಯ್ ಅನ್ನುವುದು. ಅದನ್ನು ಕೋನಿನ ಅದಿರಾಟ ಅಂತ ತಪ್ಪು ತಿಳಿಯಬೇಡಿ. ಎರಡೂ ಕಡೆ ಒಂದೇ ತರ ಇದ್ದರೆ ಅದು ತಂಬೂರಿಯದೇ. ಒಂದೇ ಕಡೆ ಇದ್ದರೆ ಸ್ಪೀಕರಿನದು.

ಆಮೇಲೆ ತಬಲಾ ಸೋಲೋ ಹಾಕಿ, ಎಡಗೈ ಡಗ್ಗಾದ ಗುಮುಕಿಗೆ ಕಿವಿ ಕೊಡಿ. ಡಗ್ಗಾ ಬಂದಾಗ ಮಾತ್ರ ಬರಬರ ಅಂದರೆ ವೂಫರ್ ಕಡೆ ನೋಡಬೇಕು. ಸಡಿಲವಾದ ಸ್ಕ್ರೂ, ಬಿಟ್ಟುಕೊಂಡ ಡಸ್ಟ್ ಕ್ಯಾಪ್, ಹರಿದ ಅಂಚು, ಡಬ್ಬಿಯೊಳಗೆ ಬಿದ್ದ ಕಡ್ಡಿ, ಇವೆಲ್ಲ ಆಗಲೇ ಬಾಯಿ ಬಿಡುತ್ತವೆ. ಮೊಬೈಲಿನ ಟೋನ್ ಜನರೇಟರ್ ಆ್ಯಪಿನಿಂದ 30ರಿಂದ 200 ಹರ್ಟ್ಸ್ ತನಕ ಮೆಲ್ಲಗೆ ಏರಿಸುತ್ತಾ ಹೋದರೆ ಇನ್ನೂ ಸ್ಪಷ್ಟ. ಅದಿರಾಟ ಒಂದು ನಿರ್ದಿಷ್ಟ ಜಾಗದಲ್ಲಿ ಎದ್ದು, ದಾಟಿದ ಮೇಲೆ ನಿಲ್ಲುತ್ತದೆ. ಆ ಜಾಗದಲ್ಲೇ ಟೋನ್ ನಿಲ್ಲಿಸಿ ಜಾಲರಿಯನ್ನು, ಡಬ್ಬಿಯ ಬದಿಯನ್ನು, ಹತ್ತಿರದ ಷೋಕೇಸಿನ ಗಾಜನ್ನು ಬೆರಳಿನಿಂದ ಮೆತ್ತಗೆ ಒತ್ತಿ ನೋಡಿ. ಯಾವುದನ್ನು ಒತ್ತಿದಾಗ ಸದ್ದು ನಿಲ್ಲುತ್ತದೋ ಅದೇ ಕಳ್ಳ. ವಾಲ್ಯೂಮ್ ಮಾತ್ರ ಕಡಿಮೆ ಇರಲಿ. ಒಂದೇ ಟೋನನ್ನು ಜೋರಾಗಿ ಬಹಳ ಹೊತ್ತು ಕೊಟ್ಟರೆ ಕಾಯಿಲ್ ಕಾಯುತ್ತದೆ.

ಮಾತಿನ ಸ್ವರ, ಅಂದರೆ ನಡುವಿನ ಭಾಗ ನೋಡಲು ಗಂಗೂಬಾಯಿ ಹಾನಗಲ್ ಅವರ ಗಂಭೀರ ಕಂಠದಷ್ಟು ಒಳ್ಳೆಯದು ನನಗೆ ಬೇರೆ ಸಿಕ್ಕಿಲ್ಲ. ಹಳೆಯ ಆಕಾಶವಾಣಿ ಧ್ವನಿಮುದ್ರಣ ಆಗಿದ್ದರೆ ಅದರಲ್ಲೇ ಸುರ್ ಅನ್ನುವ ಸದ್ದು ಇರುತ್ತದೆ ಅನ್ನುವುದು ನೆನಪಿರಲಿ. ಆ ಸದ್ದಿಗೆ ಸ್ಪೀಕರ್ ಕಾರಣ ಅಲ್ಲ.

ಕೈಯಿಂದ ಮುಟ್ಟಿ ನೋಡುವ ಪರೀಕ್ಷೆ

ಇದು ವೂಫರಿಗೆ ಮಾತ್ರ. ಟ್ವೀಟರನ್ನು ಯಾವ ಕಾರಣಕ್ಕೂ ಒತ್ತಬೇಡಿ.

ಕರೆಂಟ್ ತೆಗೆದು, ಜಾಲರಿ ಬಿಚ್ಚಿ. ಎರಡೂ ಕೈಯ ಬೆರಳುಗಳನ್ನು ಕೋನಿನ ಮೇಲೆ, ಡಸ್ಟ್ ಕ್ಯಾಪಿನ ಸುತ್ತ ಸಮ ದೂರದಲ್ಲಿ ಇಡಿ. ಕ್ಯಾಪಿನ ಮೇಲೆ ಬೇಡ. ಕೋನನ್ನು ನೇರವಾಗಿ ಒಂದೆರಡು ಮಿಲಿಮೀಟರ್ ಮಾತ್ರ ಒಳಗೆ ಒತ್ತಿ, ಬಿಡಿ. ಓರೆಯಾಗಿ ಒತ್ತಿದರೆ ಒಳ್ಳೆ ಸ್ಪೀಕರ್ ಕೂಡ ಉಜ್ಜುತ್ತದೆ. ಆಗ ನೀವೇ ಇಲ್ಲದ ರೋಗ ಹುಟ್ಟಿಸಿದಂತೆ. ಕೋನ್ ಸದ್ದಿಲ್ಲದೆ ಹೋಗಿ ಬಂದರೆ ಗ್ಯಾಪ್ ಸ್ವಚ್ಛ ಇದೆ. ಕರಕರ, ಗರಗರ ಅಂದರೆ, ಅಥವಾ ಬೆರಳ ತುದಿಗೆ ಮರಳು ಉಜ್ಜಿದಂತೆ ತಾಗಿದರೆ, ಗ್ಯಾಪಿನಲ್ಲಿ ಕಣ ಸೇರಿದೆ ಇಲ್ಲವೇ ಕಾಯಿಲ್ ಸುಟ್ಟು ಉಬ್ಬಿದೆ. ಎರಡೂ ಬ್ರಶ್ಶಿನಿಂದ ಹೋಗುವಂಥದ್ದಲ್ಲ. ಕೋನ್ ಅಲುಗಾಡಲೇ ಇಲ್ಲ ಅಂದರೆ ಕಾಯಿಲ್ ಜಾಮ್ ಆಗಿದೆ. ಬಲ ಹಾಕಬೇಡಿ.

ಮಲ್ಟಿಮೀಟರ್ ಇದ್ದರೆ ಓಮ್‌ನಲ್ಲಿ ಇಟ್ಟು ಸ್ಪೀಕರಿನ ಎರಡು ಟರ್ಮಿನಲ್ ಮುಟ್ಟಿಸಿ. ತಂತಿ ಬಿಚ್ಚಿರಬೇಕು. 8 ಓಮ್ ಸ್ಪೀಕರಿನಲ್ಲಿ ಸುಮಾರು 5.5ರಿಂದ 7 ತನಕ, 4 ಓಮಿನದರಲ್ಲಿ 3ರಿಂದ 4ರ ಆಸುಪಾಸು ತೋರಿಸಿದರೆ ಕಾಯಿಲ್ ಸರಿ ಇದೆ. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ, ಇಲ್ಲವೇ ಟರ್ಮಿನಲ್‌ನಿಂದ ಕೋನಿಗೆ ಹೋಗುವ ಹೆಣೆದ ತಂತಿ ಕಡಿದಿದೆ. ಡಬ್ಬಿಯ ಹಿಂದಿನ ಟರ್ಮಿನಲ್‌ನಲ್ಲಿ ಅಳೆದರೆ ಸಿಗುವುದು ವೂಫರಿನ ಲೆಕ್ಕ ಮಾತ್ರ. ಟ್ವೀಟರಿಗೆ ಸಾಮಾನ್ಯವಾಗಿ ಒಂದು ಕೆಪಾಸಿಟರ್ ಅಡ್ಡ ಇರುತ್ತದೆ. ಹಾಗಾಗಿ ಅದನ್ನು ಅಳೆಯಲು ಅದರದೇ ತುದಿಗೆ ಹೋಗಬೇಕು.

ಮೀಟರ್ ಇಲ್ಲದವರು 1.5 ವೋಲ್ಟಿನ ಸಣ್ಣ ಸೆಲ್ಲನ್ನು ವೂಫರಿನ ಟರ್ಮಿನಲ್‌ಗೆ ಕ್ಷಣ ಮಾತ್ರ ಮುಟ್ಟಿಸಿ ತೆಗೆಯಿರಿ. ಟಪ್ ಅಂತ ಕೋನ್ ಜಿಗಿದರೆ ಜೀವ ಇದೆ. ಟ್ವೀಟರಿಗೆ ಈ ಪ್ರಯೋಗ ಬೇಡ.

ಇಲ್ಲಿಗೆ ಬರುವಷ್ಟರಲ್ಲಿ ಹೆಚ್ಚಿನ ಸಲ ದೋಷ ಸಿಕ್ಕಿರುತ್ತದೆ. ಸದ್ದು ಬಂದು ಹೋಗುತ್ತಿದ್ದರೆ ಟರ್ಮಿನಲ್ ಹಸಿರುಗಟ್ಟಿದೆಯಾ ನೋಡಿ. ತಂತಿಯ ತುದಿ ಕತ್ತರಿಸಿ ಹೊಸದಾಗಿ ಸುಲಿದು ಸಿಕ್ಕಿಸಿ. ಬಾಸ್ ಬಂದಾಗ ಪರಪರ ಅಂದರೆ ಫೋಮ್ ಅಂಚನ್ನು ನೋಡಿ. ಹಳೆಯ ಫೋಮ್ ಗಾಳಿಯ ತೇವಕ್ಕೆ ಕಾಲಕ್ರಮೇಣ ಕೊಳೆತು, ಮುಟ್ಟಿದರೆ ಪುಡಿಪುಡಿಯಾಗಿ ಕೈಗೆ ಅಂಟುತ್ತದೆ. ಅದನ್ನು ಎಷ್ಟು ಸ್ವಚ್ಛ ಮಾಡಿದರೂ ಪ್ರಯೋಜನ ಇಲ್ಲ, ಅಂಚು ಬದಲಿಸಬೇಕು. ಜೋರು ಮಾಡಿದಾಗ ಮಾತ್ರ ದನಿ ಒಡೆದರೆ, ಎರಡೂ ಕಡೆ ಹಾಗೇ ಆದರೆ, ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ದುಡಿಸುತ್ತಿದ್ದೀರಿ. ವಾಲ್ಯೂಮ್ ಇಳಿಸಿ.

ಧೂಳು ತೆಗೆಯುವ ಮುಂಚಿನ ತಯಾರಿ

ಫ್ಯಾನ್ ಆಫ್ ಮಾಡಿ. ಕಿಟಕಿಯಿಂದ ಗಾಳಿ ಬೀಸದ ಜಾಗ ನೋಡಿ. ಬಳೆ, ಉಂಗುರ, ಗಡಿಯಾರ ತೆಗೆದಿಡಿ. ಸ್ಪೀಕರ್ ನಿಂತೇ ಇರಲಿ. ಮಲಗಿಸಿ ಕೋನ್ ಮೇಲ್ಮುಖ ಮಾಡಿದರೆ ನೀವು ಎಬ್ಬಿಸಿದ ಧೂಳು ಮತ್ತೆ ಅಲ್ಲೇ ಇಳಿಯುತ್ತದೆ.

ಸ್ಕ್ರೂ ಡ್ರೈವರ್ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಸ್ಪೀಕರಿನ ಆಯಸ್ಕಾಂತ ಉಕ್ಕಿನ ತುದಿಯನ್ನು ಎಳೆಯುತ್ತದೆ. ಅಂಚಿನ ಸ್ಕ್ರೂ ತಿರುವುತ್ತಿರುವಾಗ ಹಿಡಿತ ಒಂದಿಷ್ಟು ತಪ್ಪಿದರೂ ತುದಿ ಸರ್ ಅಂತ ಕೋನಿನ ನಡುವಿಗೆ ಹೋಗಿ ಚುಚ್ಚುತ್ತದೆ. ಅದು ಆಗಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಬಲಗೈ ಸ್ಕ್ರೂ ತಿರುಗಿಸುವಾಗ ಎಡ ಅಂಗೈ ಕೋನಿಗೂ ಡ್ರೈವರಿಗೂ ನಡುವೆ ಗೋಡೆಯ ಹಾಗೆ ನಿಂತಿರಬೇಕು. ಕೋನಿಗೆ ತಾಗದ ಹಾಗೆ. ಒಂದು ದಪ್ಪ ರಟ್ಟನ್ನು ಅಡ್ಡ ಹಿಡಿದರೆ ಇನ್ನೂ ಒಳ್ಳೆಯದು. ನಿಜ ಹೇಳಬೇಕೆಂದರೆ, ಮುಂಭಾಗದ ಧೂಳು ತೆಗೆಯಲು ಸ್ಪೀಕರನ್ನು ಡಬ್ಬಿಯಿಂದ ಬಿಚ್ಚುವ ಅಗತ್ಯವೇ ಇಲ್ಲ. ಸ್ಕ್ರೂ ಮುಟ್ಟದಿದ್ದರೆ ಅರ್ಧ ಅಪಾಯ ಅಲ್ಲಿಗೇ ಕಳೆಯಿತು.

ಬೇಕಾದ ಸಾಮಾನು ಎರಡೇ. ಮುಖಕ್ಕೆ ಪೌಡರ್ ಹಚ್ಚುವ ಅಗಲವಾದ ಮೆತ್ತನೆ ಮೇಕಪ್ ಬ್ರಶ್, ಹೊಸದು. ಬಳಸಿದ್ದರಲ್ಲಿ ಎಣ್ಣೆಯಂಶ ಇರುತ್ತದೆ. ಇನ್ನೊಂದು, ಕ್ಯಾಮೆರಾ ಲೆನ್ಸಿಗೆ ಗಾಳಿ ಹೊಡೆಯುವ ರಬ್ಬರ್ ಬ್ಲೋವರ್. ಹುಬ್ಬಳ್ಳಿಯಲ್ಲಿ ಕ್ಯಾಮೆರಾ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಮನೆಯ ಹಳೆ ಧೋತರದ ಚೂರು ಒರೆಸಲು ಬೇಡ. ಹತ್ತಿ ಬಟ್ಟೆ ಹಳತಾದಷ್ಟೂ ನೂಲಿನ ಎಳೆ ಬಿಡುತ್ತದೆ. ಅದು ಕೋನಿನ ಒರಟು ಮೈಗೆ ಹಿಡಿದುಕೊಳ್ಳುತ್ತದೆ.

ವೂಫರ್

ಕಾಗದದ ಕೋನ್ ಆದರೆ ಬ್ರಶ್ ಮಾತ್ರ. ಡಸ್ಟ್ ಕ್ಯಾಪಿನ ಪಕ್ಕದಿಂದ ಶುರು ಮಾಡಿ ಅಂಚಿನ ಕಡೆಗೆ, ಮೇಲಿನಿಂದ ಕೆಳಕ್ಕೆ, ಒಂದೇ ದಿಕ್ಕಿನಲ್ಲಿ. ಬ್ರಶ್ಶಿನ ಕೂದಲು ಬಾಗಬಾರದು, ತುದಿ ಮಾತ್ರ ಸವರಿ ಹೋಗಬೇಕು. ಡಸ್ಟ್ ಕ್ಯಾಪಿನ ಮೇಲೆ ಇನ್ನೂ ಹಗುರ ಕೈ. ಕ್ಯಾಪಿಗೂ ಕೋನಿಗೂ ಸೇರುವ ಮೂಲೆಯಲ್ಲಿ ಅಂಟು ಬಿಟ್ಟಿದೆಯಾ ಅಂತ ಇದೇ ಹೊತ್ತಿಗೆ ಕಣ್ಣಾಡಿಸಿ. ಬಿಟ್ಟಿದ್ದರೆ ಧೂಳನ್ನು ಆ ಸಂದಿನ ಕಡೆಗೆ ತಳ್ಳಬೇಡಿ, ಅದು ನೇರ ಗ್ಯಾಪಿಗೆ ದಾರಿ.

ಪ್ಲಾಸ್ಟಿಕ್‌ನಂತೆ ನುಣುಪಾಗಿರುವ ಪಾಲಿಪ್ರೊಪಿಲೀನ್ ಕೋನ್, ರಬ್ಬರ್ ಅಂಚು ಇದ್ದರೆ, ಬ್ರಶ್ ಆದ ಮೇಲೆ ಚೆನ್ನಾಗಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಬಹುದು. ಹಿಂಡಿದರೆ ಒಂದು ಹನಿಯೂ ಬೀಳದಷ್ಟು ಒಣಗಿರಬೇಕು. ಬರೀ ನೀರು ಸಾಕು. ಸ್ಪಿರಿಟ್, ಸೀಮೆಎಣ್ಣೆ, ಥಿನ್ನರ್, ಗಾಡಿಗೆ ಹಾಕುವ ಪಾಲಿಶ್ ಯಾವುದೂ ಬೇಡ. ರಬ್ಬರ್ ಹೊಳೆಯಲಿ ಅಂತ ಹಚ್ಚಿದ ಎಣ್ಣೆ ಅಂಟನ್ನು ಸಡಿಲ ಮಾಡುತ್ತದೆ, ಮರುದಿನದ ಧೂಳನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಫೋಮ್ ಅಂಚಿಗೆ ನೀರೂ ಬೇಡ.

ವ್ಯಾಕ್ಯೂಮ್ ಕ್ಲೀನರನ್ನು ಸ್ಪೀಕರಿಗೆ ನೇರ ಹಿಡಿಯುವುದು ದೊಡ್ಡ ತಪ್ಪು. ಡಸ್ಟ್ ಕ್ಯಾಪ್, ಟ್ವೀಟರಿನ ಗುಮ್ಮಟ ಎರಡನ್ನೂ ಅದು ಕಿತ್ತು ಎಳೆಯಬಲ್ಲದು. ಒಂದು ಕೈಯಲ್ಲಿ ಬ್ರಶ್ ಆಡಿಸುತ್ತಾ, ಇನ್ನೊಂದು ಕೈಯಲ್ಲಿ ಅದರ ಮೂತಿಯನ್ನು ಅರ್ಧ ಅಡಿಗಿಂತ ದೂರ ಹಿಡಿದು, ಗಾಳಿಗೆ ಎದ್ದ ಧೂಳನ್ನು ಮಾತ್ರ ಎಳೆದುಕೊಳ್ಳುವುದಾದರೆ ಅಡ್ಡಿಯಿಲ್ಲ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯಂತೂ ಬೇಡವೇ ಬೇಡ. ಧೂಳಿನ ಜೊತೆ ಕ್ಯಾಪೂ ಹಾರುತ್ತದೆ. ಕಂಪ್ರೆಸರ್ ಟ್ಯಾಂಕಿನ ನೀರು, ಎಣ್ಣೆ ಕೋನಿಗೆ ಸಿಡಿಯುತ್ತದೆ.

ಟ್ವೀಟರ್

ಇಲ್ಲಿ ಆತುರ ಮಾಡಬೇಡಿ. ಮೊದಲು ಯಾವ ತರದ್ದು ಅಂತ ಗುರುತಿಸಿ.

ರೇಷ್ಮೆ ಅಥವಾ ಬಟ್ಟೆಯ ಮೆತ್ತನೆ ಗುಮ್ಮಟ ಇದ್ದರೆ ಅದರ ಮೇಲೆ ತೆಳುವಾದ ಅಂಟಂಟು ಲೇಪ ಇರಬಹುದು. ತಯಾರಿಸುವವರೇ ಬೇಕೆಂದು ಹಚ್ಚಿರುತ್ತಾರೆ, ಗುಮ್ಮಟದ ದನಿ ಹದಕ್ಕೆ ಬರಲಿ ಅಂತ. ಧೂಳು ಅದಕ್ಕೆ ಮೆತ್ತಿಕೊಳ್ಳುತ್ತದೆ. ಉಜ್ಜಿದರೆ ಲೇಪವೂ ಏಳುತ್ತದೆ. ಕ್ಯಾಮೆರಾ ಬ್ಲೋವರನ್ನು ಒಂದು ಗೇಣು ದೂರ ಹಿಡಿದು, ನೇರ ನಡುವಿಗೆ ಹೊಡೆಯದೆ ಬದಿಯಿಂದ ಓರೆಯಾಗಿ ಒಂದೆರಡು ಸಲ ಒತ್ತಿ. ಉಳಿದದ್ದಕ್ಕೆ ಬ್ರಶ್ಶಿನ ತುದಿ ತಾಗಿತೋ ಇಲ್ಲವೋ ಅನ್ನುವಷ್ಟು ಹಗುರವಾಗಿ ಸವರಿ. ಅದಕ್ಕೂ ಹೋಗದ್ದನ್ನು ಅಲ್ಲೇ ಬಿಡಿ. ನನ್ನ ಅನುಭವದಲ್ಲಿ ಆ ಉಳಿದ ತೆಳು ಪದರದಿಂದ ಜವಾರಿಯ ಝೇಂಕಾರದಲ್ಲಿ ಕಿವಿಗೆ ತಿಳಿಯುವ ವ್ಯತ್ಯಾಸ ಆಗುವುದಿಲ್ಲ.

ಅಲ್ಯೂಮಿನಿಯಂ, ಟೈಟೇನಿಯಂ ಗುಮ್ಮಟದ ತಗಡು ಬಹಳ ತೆಳು. ಮಗುವಿನ ಬೆರಳು ತಾಗಿದರೂ ತಗ್ಗು ಬೀಳುತ್ತದೆ, ಬಿದ್ದ ತಗ್ಗು ಪೂರ್ತಿ ಸರಿಹೋಗುವುದಿಲ್ಲ. ಇದಕ್ಕೆ ಬ್ಲೋವರ್ ಮಾತ್ರ. ಅದರ ಮುಂದೆ ಲೋಹದ ಜಾಲರಿ ಇದ್ದರೆ ಅದನ್ನು ಕಳಚಲೇಬೇಡಿ, ಅದು ಇರುವುದೇ ಕಾವಲಿಗೆ. ಗುಮ್ಮಟದ ಬದಲು ತೆಳು ಲೋಹದ ಪಟ್ಟಿ ಇರುವ ರಿಬ್ಬನ್ ಟ್ವೀಟರ್ ಇದ್ದವರು ಗಾಳಿಯನ್ನೂ ಹೊಡೆಯಬಾರದು. ಆ ಪಟ್ಟಿ ಜೋರಾಗಿ ಊದಿದರೂ ಹಿಗ್ಗಿ ಹೋಗುತ್ತದೆ.

ಡಬ್ಬಿಯಲ್ಲಿ ಬರುವ ಗಾಳಿಯ ಸ್ಪ್ರೇ ಕೆಲವರು ಬಳಸುತ್ತಾರೆ. ಡಬ್ಬಿ ವಾಲಿದರೆ ಒಳಗಿನ ದ್ರವವೇ ಹೊರಗೆ ಚಿಮ್ಮಿ ತಾಗಿದ ಜಾಗ ಹಿಮಗಟ್ಟುತ್ತದೆ. ಟ್ವೀಟರಿಗೆ ಅದನ್ನು ತೋರಿಸಬೇಡಿ.

ಗುಮ್ಮಟ ಈಗಾಗಲೇ ಒಳಗೆ ಒತ್ತಿಹೋಗಿದ್ದರೆ? ವೂಫರಿನ ಡಸ್ಟ್ ಕ್ಯಾಪ್ ಆದರೆ ನೋಡಲು ಚೆಂದ ಇರುವುದಿಲ್ಲ ಅಷ್ಟೇ, ಸಾಮಾನ್ಯವಾಗಿ ದನಿಗೆ ಏನೂ ಆಗಿರುವುದಿಲ್ಲ. ಪೇಂಟಿಂಗ್ ಕೆಲಸದ ಮಾಸ್ಕಿಂಗ್ ಟೇಪನ್ನು ಮೆಲ್ಲಗೆ ಅಂಟಿಸಿ, ಮೆಲ್ಲಗೆ ಎಳೆದರೆ ಎಷ್ಟೋ ಸಲ ಎದ್ದು ಬರುತ್ತದೆ. ಸೂಜಿ ಚುಚ್ಚಿ ಎಳೆಯುವವರಿದ್ದಾರೆ, ಆ ತೂತಿನಿಂದ ಮುಂದೆ ಧೂಳು ಒಳಗಿಳಿಯುತ್ತದೆ. ಟ್ವೀಟರಿನ ಲೇಪ ಇರುವ ಗುಮ್ಮಟಕ್ಕೆ ಟೇಪ್ ಹಚ್ಚಬೇಡಿ.

ನಮ್ಮ ಸೀಮೆಯ ಧೂಳುಗಳು

ಎಲ್ಲ ಧೂಳೂ ಒಂದೇ ಅಲ್ಲ. ಇದನ್ನು ತಿಳಿದರೆ ಅರ್ಧ ಕೆಲಸ ಸುಲಭ.

ಕಬ್ಬಿಣದ ಪುಡಿ ಎಲ್ಲಕ್ಕಿಂತ ಕೆಟ್ಟದ್ದು. ಗೋಕುಲ ರಸ್ತೆ, ತಾರಿಹಾಳದ ಕೈಗಾರಿಕೆ ಪ್ರದೇಶಗಳಲ್ಲಿ ಲೇಥ್, ಗ್ರೈಂಡಿಂಗ್ ನಡೆಯುವ ಶೆಡ್‌ನಲ್ಲೇ ಹಾಡಿನ ಡಬ್ಬಿ ಇಟ್ಟಿರುತ್ತಾರೆ. ಹಾರಿ ಬಂದ ಕಬ್ಬಿಣದ ಹುಡಿಯನ್ನು ಆಯಸ್ಕಾಂತ ತಾನೇ ಎಳೆದುಕೊಳ್ಳುತ್ತದೆ. ಡಸ್ಟ್ ಕ್ಯಾಪಿನ ಮೇಲೆ ಸಣ್ಣ ಮುಳ್ಳುಗಳ ಹಾಗೆ ನೆಟ್ಟಗೆ ನಿಂತ ಕಪ್ಪು ಕಣ ಕಂಡರೆ ಅದು ಕಬ್ಬಿಣವೇ. ಕಟ್ಟಡ ಕೆಲಸದ ಜಾಗದಲ್ಲಿ ಮರಳಿನ ಗುಡ್ಡೆಯ ಪಕ್ಕ ಇಟ್ಟ ಸ್ಪೀಕರಿಗೂ ಇದೇ ಗತಿ, ಮರಳಿನಲ್ಲೂ ಆಯಸ್ಕಾಂತಕ್ಕೆ ಅಂಟುವ ಕಪ್ಪು ಕಣ ಇರುತ್ತವೆ. ಬ್ರಶ್ ಆಡಿಸಿದರೆ ಅವು ಜಾಗ ಬದಲಿಸುತ್ತವೆ ಹೊರತು ಹೋಗುವುದಿಲ್ಲ. ಗೋಡೆಗೆ ಪೋಸ್ಟರ್ ಅಂಟಿಸುವ ಮೆತ್ತನೆ ಅಂಟು ಸಿಗುತ್ತದಲ್ಲ, ಅದರ ಸಣ್ಣ ಉಂಡೆಯನ್ನು ಕಣಗಳ ಮೇಲೆ ಮುಟ್ಟಿಸಿ ಮುಟ್ಟಿಸಿ ಎತ್ತಿ. ಒತ್ತಬೇಡಿ. ಗ್ಯಾಪಿನೊಳಗೆ ಹೋಗಿದ್ದರೆ ಕ್ಯಾಪ್ ಬಿಡಿಸಿ, ಟೇಪ್ ಸುತ್ತಿದ ತೆಳು ಪಟ್ಟಿ ಆಡಿಸಿ ತೆಗೆಯಬೇಕು. ಅದು ಕೋನ್ ಕೂರಿಸುವ ಕೈಗೆ ಬಿಟ್ಟ ಕೆಲಸ.

ಹತ್ತಿಯ ಎಳೆ ಇನ್ನೊಂದು ತರ. ಜಿನ್ನಿಂಗ್ ಗಿರಣಿ ಹತ್ತಿರದ ಮನೆಗಳಲ್ಲಿ, ಗಾದಿ ತುಂಬುವ ಅಂಗಡಿಗಳಲ್ಲಿ ಎಳೆಗಳು ಜಾಲರಿ ಬಟ್ಟೆಯ ಹಿಂದೆ ಚಾಪೆಯಂತೆ ಹೆಪ್ಪುಗಟ್ಟುತ್ತವೆ. ಟ್ವೀಟರ್ ದನಿ ಮಂಕಾಗಲು ಇಂಥ ಜಾಲರಿಯೇ ಕಾರಣ ಆಗಿರುವುದುಂಟು. ಜಾಲರಿ ತೆಗೆದು ಒಮ್ಮೆ, ಹಾಕಿ ಒಮ್ಮೆ ತಂಬೂರಿ ಕೇಳಿದರೆ ಗೊತ್ತಾಗಿಬಿಡುತ್ತದೆ. ಎಳೆ ತೆಗೆಯಲು ಉಕ್ಕಿನ ಚಿಮಟ ಬೇಡ, ಆಯಸ್ಕಾಂತ ಎಳೆಯುತ್ತದೆ. ಪ್ಲಾಸ್ಟಿಕ್ ಚಿಮಟ ಬಳಸಿ.

ಬ್ಯಾಡಗಿ ಮಾರುಕಟ್ಟೆಯ ಆಸುಪಾಸಿನ ಸ್ಪೀಕರ್ ಸ್ವಚ್ಛ ಮಾಡುವುದಾದರೆ ಮೂಗು ಬಾಯಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತಾರೆ, ಆದರೂ ಅದರ ಹುಡಿ ಮೂಗಿಗೆ ಹೋದರೆ ಸೀನು ನಿಲ್ಲುವುದಿಲ್ಲ. ಸೀನಿದರೆ ಕೈ ಅಲುಗುತ್ತದೆ, ಕೈಯಲ್ಲಿ ಬ್ರಶ್ ಇರುತ್ತದೆ.

ಇನ್ನು ಜಾತ್ರೆಯ ಧೂಳು. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಭಂಡಾರ ಎರಚುವ ಹೊತ್ತಿಗೆ ಮೈಕ್ ಸೆಟ್ಟಿನ ಡಬ್ಬಿಗಳೆಲ್ಲ ಹಳದಿ ಆಗಿರುತ್ತವೆ. ಹುಬ್ಬಳ್ಳಿಯ ರಂಗಪಂಚಮಿಯಲ್ಲಿ ಬಣ್ಣದ ಹುಡಿ, ಅದರ ಮೇಲೆ ನೀರು. ಒಣ ಭಂಡಾರ ಬ್ರಶ್ಶಿಗೆ ಸುಲಭವಾಗಿ ಬರುತ್ತದೆ. ತೇವ ತಾಗಿದರೆ ಕಾಗದದ ಕೋನಿಗೆ ಕಲೆಯಾಗಿ ಕೂರುತ್ತದೆ. ಸೋಪಿನ ನೀರು ಮುಟ್ಟಿಸಿದರೆ ಅರಿಸಿನ ಕೆಂಪಾಗುತ್ತದೆ, ಕೋನೂ ಮೆತ್ತಗಾಗುತ್ತದೆ. ಕಲೆಯಿಂದ ದನಿ ಕೆಡುವುದಿಲ್ಲ, ಹಾಗೇ ಬಿಡಿ. ಬಣ್ಣದ ನೀರು ಬಿದ್ದ ಕೋನನ್ನು ನೆರಳಿನಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಬ್ರಶ್ ಮಾಡಿ. ಒದ್ದೆ ಇರುವಾಗ ಹಾಡು ಹಾಕಬೇಡಿ, ಬಿಸಿಲಿಗೂ ಇಡಬೇಡಿ, ಕೋನ್ ಸೊಟ್ಟಗಾಗುತ್ತದೆ.

ಮೈಕ್ ಸೆಟ್ಟಿನ ಹಾರ್ನ್ ಇದ್ದರೆ ಮೊದಲು ಅದರ ಹಿಂದಿನ ಯುನಿಟ್ಟನ್ನು ತಿರುಗಿಸಿ ಬಿಚ್ಚಿ, ಯುನಿಟ್ಟಿನ ಬಾಯಿಗೆ ಸ್ವಚ್ಛ ಬಟ್ಟೆ ಕಟ್ಟಿ ಪಕ್ಕಕ್ಕಿಡಿ. ಆಮೇಲೆ ಬರೀ ಹಾರ್ನನ್ನು ಬಾಯಿ ಕೆಳಗೆ ಮಾಡಿ ತಟ್ಟಿ, ಒರೆಸಿ. ಲೋಹದ್ದಾದರೆ ತೊಳೆದು ಒಣಗಿಸಬಹುದು. ಗುಡಿಯ ಮೇಲೆ ವರ್ಷಗಟ್ಟಲೆ ಇದ್ದ ಹಾರ್ನಿನ ಒಳಗೆ ಕುಂಬಾರ ಹುಳದ ಮಣ್ಣಿನ ಗೂಡು ಸಿಗುತ್ತದೆ, ದನಿ ಕಟ್ಟಿದಂತಾಗಲು ಅದೊಂದೇ ಸಾಕು. ಯುನಿಟ್ ಜೋಡಿಸಿದ್ದಾಗ ಹಾರ್ನಿನ ಬಾಯಿಂದ ಗಾಳಿ ಹೊಡೆದರೆ ಆ ಮಣ್ಣೆಲ್ಲ ಡಯಾಫ್ರಾಮಿನ ಮೇಲೆ ಹೋಗಿ ಕೂರುತ್ತದೆ.

ಡಬ್ಬಿಯ ಹಿಂದೆ ಅಥವಾ ಕೆಳಗೆ ದುಂಡನೆಯ ತೂತು ಇರುವ ಸ್ಪೀಕರ್ ಆದರೆ ಟಾರ್ಚ್ ಹಾಕಿ ಒಳಗೆ ನೋಡಿ. ಜೊಂಡಿಗ, ಹಲ್ಲಿ, ಒಮ್ಮೊಮ್ಮೆ ಇಲಿ ಕೂಡ ಅಲ್ಲಿ ಮನೆ ಮಾಡುತ್ತವೆ. ಇಲಿ ಒಳಗಿನ ತಂತಿ ಕಡಿದಿದ್ದರೆ ಸದ್ದೇ ಇರುವುದಿಲ್ಲ.

ಮೆಕ್ಯಾನಿಕ್ ಹತ್ತಿರ ಹೋಗುವಾಗ

ಒತ್ತಿದಾಗ ಕರಕರ ಅನ್ನುವ ವೂಫರ್, ಮೀಟರ್ ತೋರಿಸದ ಕಾಯಿಲ್, ಹರಿದ ಅಂಚು, ಸತ್ತ ಟ್ವೀಟರ್. ಇವನ್ನು ಮನೆಯಲ್ಲಿ ಮುಟ್ಟದೆ ತೆಗೆದುಕೊಂಡು ಹೋಗಿ. "ದನಿ ಸರಿ ಇಲ್ಲರೀ ಅಣ್ಣಾರ" ಅಂತ ಮಾತ್ರ ಹೇಳಬೇಡಿ. ಎಡ ಬಲ ಬದಲಿಸಿ ನೋಡಿದ್ದೀರಾ, ಓಮ್ ಎಷ್ಟು ಬಂತು, ಡಗ್ಗಾಕ್ಕೆ ಅದಿರುತ್ತದೋ ಜವಾರಿ ಬರುತ್ತಿಲ್ಲವೋ, ಅಷ್ಟನ್ನೂ ಹೇಳಿ. ಒಳ್ಳೆ ಮೆಕ್ಯಾನಿಕ್ಕಿಗೆ ಅದರಿಂದ ಬಹಳ ಹೊತ್ತು ಉಳಿಯುತ್ತದೆ, ನಿಮಗೆ ಬೇಡದ ಭಾಗ ಬದಲಿಸುವ ಖರ್ಚು ತಪ್ಪುತ್ತದೆ. ಒಂದು ಕಡೆಯ ಟ್ವೀಟರ್ ಬದಲಿಸುವುದಾದರೆ ಅದೇ ಮಾದರಿಯದೇ ಹಾಕಿಸಿ. ಸಿಗದಿದ್ದರೆ ಎರಡೂ ಕಡೆ ಒಟ್ಟಿಗೆ ಬದಲಿಸಿ, ಇಲ್ಲದಿದ್ದರೆ ಎಡದ ತಂಬೂರಿಯೇ ಬೇರೆ, ಬಲದ್ದೇ ಬೇರೆ ಅನ್ನಿಸುತ್ತದೆ.

ಸ್ವಚ್ಛ ಮಾಡಿ ಮತ್ತೆ ಜೋಡಿಸಿದ ಮೇಲೆ ಕೆಲವರಿಗೆ "ಮೊದಲಿಗಿಂತ ಬಾಸ್ ಕಡಿಮೆ ಆಯಿತಲ್ಲ" ಅನ್ನಿಸುವುದುಂಟು. ಬ್ರಶ್ಶಿನಿಂದ ಬಾಸ್ ಹೋಗುವುದಿಲ್ಲ. ಒಂದು ಕಡೆಯ ತಂತಿ ತಿರುಗುಮುರುಗಾಗಿ ಸೇರಿದೆ, ಅಷ್ಟೇ. ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತದೆ, ಎರಡರ ಬಾಸ್ ಒಂದನ್ನೊಂದು ತಿಂದುಹಾಕುತ್ತದೆ. ಮೊದಲು ತೆಗೆದ ಫೋಟೋ ನೋಡಿ, ಎರಡೂ ಡಬ್ಬಿಯಲ್ಲಿ ಕೆಂಪು ಟರ್ಮಿನಲ್ ಆಂಪ್ಲಿಫೈಯರಿನ ಕೆಂಪಿಗೇ ಹೋಗಿದೆಯಾ ಪರೀಕ್ಷಿಸಿ. ಆಮೇಲೆ ಎರಡು ಸ್ಪೀಕರ್‌ಗಳ ನಟ್ಟನಡುವೆ ಕೂತು ಒಬ್ಬರೇ ಹಾಡಿದ ರೆಕಾರ್ಡಿಂಗ್ ಹಾಕಿ. ತಂತಿ ಸರಿ ಇದ್ದರೆ ಹಾಡುವವರು ನಿಮ್ಮ ಎದುರಿಗೇ, ನಡುವೆ ಕೂತಂತೆ ಕೇಳಿಸುತ್ತದೆ. ದನಿ ಅತ್ತಿತ್ತ ಹರಡಿ, ಎಲ್ಲಿಂದ ಬರುತ್ತಿದೆ ಅಂತ ತಿಳಿಯದಿದ್ದರೆ ಆಂಪ್ಲಿಫೈಯರ್ ಆಫ್ ಮಾಡಿ, ಒಂದು ಕಡೆಯ ಎರಡು ತಂತಿಗಳನ್ನು ಅದಲು ಬದಲು ಮಾಡಿ ಮತ್ತೆ ಕೇಳಿ.